ಬಾಯಿಪಾಠ ಬರುತ್ತೆ, ಅರ್ಥ ಬರಲ್ಲ: ಧರ್ಮೋಪದೇಶದ ಹೊಸ ಟೀಚರ್‌ಗೆ ಒಂದು ಉತ್ತರ

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು, ಬಿ.ಎಡ್. ಓದುತ್ತಿದ್ದೇನೆ. ನಮ್ಮ ಫಾದರ್ ಈ ವರ್ಷ ಪ್ರಥಮ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ಮಕ್ಕಳ ತರಗತಿಯನ್ನು ನನಗೆ ಒಪ್ಪಿಸಿದ್ದಾರೆ. 7ರಿಂದ 11 ವರ್ಷದ 17 ಮಕ್ಕಳು, ಒಂದೇ ಹಾಲ್, ಭಾನುವಾರ ಪೂಜೆ ಮುಗಿದ ಮೇಲೆ ಮುಕ್ಕಾಲು ಗಂಟೆ. ಜಪಗಳನ್ನೆಲ್ಲ ಗಿಳಿ ಹಾಗೆ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ಮಿಕಮಿಕ ನೋಡುತ್ತಾರೆ. ಮನೆಯಲ್ಲಿ ಕೆಲವರದು ಕೊಂಕಣಿ, ಕೆಲವರದು ತಮಿಳು, ಸ್ಕೂಲಲ್ಲಿ ಇಂಗ್ಲಿಷ್. ಅಪ್ಪ ಅಮ್ಮ ಗೇಟಿನ ಹತ್ತಿರ ಬಿಟ್ಟು ಹೊರಟುಬಿಡುತ್ತಾರೆ. ಹೋದ ವಾರ ಒಬ್ಬ ಹುಡುಗ "ದೇವರನ್ನು ಯಾರು ಮಾಡಿದ್ದು ಮಿಸ್?" ಅಂದ. ನಾನು "ಸುಮ್ನೆ ಕೂತ್ಕೋ" ಅಂದುಬಿಟ್ಟೆ. ಅದು ಇನ್ನೂ ಚುಚ್ಚುತ್ತಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹಾಲ್‌ನಿಂದ ಎದ್ದು ಬನ್ನಿ. ಅಲ್ಲಿಂದಲೇ ಶುರು.

ತಮಾಷೆಗೆ ಹೇಳುತ್ತಿಲ್ಲ. ನಾನು ಹಾಸನ, ಚಿಕ್ಕಮಗಳೂರು ಎರಡೂ ಕಡೆ 26 ವರ್ಷ ಈ ತರಗತಿ ನಡೆಸಿದ್ದೇನೆ. ಮೊದಲ ಐದಾರು ವರ್ಷ ಪ್ಲಾಸ್ಟಿಕ್ ಕುರ್ಚಿ, ಕಪ್ಪು ಹಲಗೆ, ಸೀಮೆಸುಣ್ಣ ಇಷ್ಟರಲ್ಲೇ ಕಳೆದೆ. ಪಕ್ಕದಲ್ಲೇ ಚರ್ಚ್ ಬಾಗಿಲು ತೆರೆದಿತ್ತು. ಒಂದು ದಿನ ಕರೆಂಟ್ ಹೋಯಿತು, ಹಾಲ್ ಕತ್ತಲಾಯಿತು. ಬೇರೆ ದಾರಿ ಕಾಣದೆ ಮಕ್ಕಳನ್ನು ಚರ್ಚ್ ಒಳಗೆ ಕರೆದುಕೊಂಡು ಹೋದೆ. ಪೀಠದ ಹತ್ತಿರ ಉರಿಯುವ ಕೆಂಪು ದೀಪ ನೋಡಿ ಒಬ್ಬಳು "ಇದು ಯಾಕೆ ಯಾವಾಗಲೂ ಉರೀತಿರುತ್ತೆ?" ಅಂತ ಕೇಳಿದಳು. ಆವತ್ತು ನಾನು ಅರ್ಧ ಗಂಟೆ ಪಾಠ ಮಾಡಿದೆ. ಅಷ್ಟೂ ಪ್ರಶ್ನೆ ಅವರದೇ.

ಮುಂದಿನ ಭಾನುವಾರ ನೀವೂ ಹಾಗೇ ಮಾಡಿ. ದೊಡ್ಡ ಮೇಣದಬತ್ತಿ ಇರುತ್ತದಲ್ಲ, ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಹಚ್ಚುವಂಥದ್ದು, ಅದರ ಮುಂದೆ ನಿಲ್ಲಿಸಿ. ಅದರ ಮೇಲೆ ಈ ವರ್ಷದ ನಾಲ್ಕು ಅಂಕಿ ಇರುತ್ತದೆ. ಹುಡುಕಿ ಅನ್ನಿ. ಶಿಲುಬೆಯ ಗುರುತಿನಲ್ಲಿ ಐದು ಸಾಂಬ್ರಾಣಿ ಕಾಳು ಚುಚ್ಚಿರುತ್ತಾರೆ. ಯಾಕೆ ಐದು? ಯೇಸುವಿನ ಐದು ಗಾಯ. ಎರಡು ಕೈ, ಎರಡು ಕಾಲು, ಒಂದು ಪಕ್ಕೆ. ಮಕ್ಕಳು ತಾವೇ ಎಣಿಸಿ ಹೇಳುತ್ತಾರೆ. ಸ್ನಾನದೀಕ್ಷೆಯ (ಬ್ಯಾಪ್ಟಿಸಂ) ತೊಟ್ಟಿ ತೋರಿಸಿ. "ನಿನ್ನನ್ನು ಇಲ್ಲೇ ತಂದಿದ್ದರು, ನೀನು ಜೋರಾಗಿ ಅತ್ತಿರ್ತೀಯ" ಅಂದರೆ ನಗುತ್ತಾರೆ, ನೀರು ಮುಟ್ಟುತ್ತಾರೆ. ಮುಟ್ಟಲಿ. ಫಾದರ್ ಒಪ್ಪಿದರೆ ಪೂಜೆಯ ಬಟ್ಟೆಗಳ ಬೀರು ತೆರೆಸಿ. ಹಸಿರು, ನೇರಳೆ, ಬಿಳಿ, ಕೆಂಪು. ಯಾವ ಬಣ್ಣ ಯಾವಾಗ ಅನ್ನುವುದರಲ್ಲೇ ಚರ್ಚಿನ ಇಡೀ ವರ್ಷ ಅಡಗಿದೆ.

ನಾನು ಕಲಿತ ಒಂದೇ ವಿಷಯ ಅಂದರೆ ಇದು. ಮೊದಲು ತೋರಿಸಬೇಕು. ಆಮೇಲೆ ಮಾತು. ಬಾಯಿಪಾಠ ಕೊನೆಗೆ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಅರ್ಥವಾಗದ ಶಬ್ದವನ್ನು ಮೊದಲು ಬಾಯಿಗೆ ತುರುಕಿ, ಎಂದಾದರೂ ಗೊತ್ತಾಗುತ್ತೆ ಬಿಡು ಅಂತ ಕೈ ತೊಳೆದುಕೊಳ್ಳುತ್ತೇವೆ.

ಈಗ ನಿಮ್ಮ ಭಯ ಸ್ವಲ್ಪ ಇಳಿಸುತ್ತೇನೆ. ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ಮಗುವಿಗೆ ಎಷ್ಟು ಗೊತ್ತಿರಬೇಕು? ನಾವು ಅಂದುಕೊಂಡಷ್ಟಲ್ಲ. 1910ಕ್ಕೆ ಮುಂಚೆ ಎಷ್ಟೋ ದೇಶಗಳಲ್ಲಿ ಮಕ್ಕಳು 10, 12, ಕೆಲವು ಕಡೆ 14 ವರ್ಷದವರೆಗೆ ಕಾಯಬೇಕಿತ್ತು. ಆ ವರ್ಷ ಪೋಪ್ ಹತ್ತನೇ ಪಯಸ್ ಇದನ್ನು ಬದಲಿಸಿದರು. ಸುಮಾರು 7 ವರ್ಷಕ್ಕೆ ಮಗುವಿಗೆ ವಿವೇಚನೆ ಬರುತ್ತದೆ, ಅಷ್ಟು ಸಾಕು ಅಂದರು. ಸಾಧಾರಣ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸ ಗೊತ್ತಿರಬೇಕು. ವಿಶ್ವಾಸದ ಮುಖ್ಯ ವಿಷಯಗಳು ತನ್ನ ವಯಸ್ಸಿಗೆ ತಕ್ಕಷ್ಟು ಗೊತ್ತಿರಬೇಕು. ತನ್ನ ಮಟ್ಟದ ಭಕ್ತಿ ಇರಬೇಕು. ಪೂರ್ತಿ ಜ್ಞಾನ ಬೇಕಿಲ್ಲ, ಅದು ಮುಂದೆ ನಿಧಾನವಾಗಿ ಬರಲಿ ಎಂದೂ ಆ ಆದೇಶದಲ್ಲಿದೆ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ 2865 ಪರಿಚ್ಛೇದಗಳಿವೆ. ಅದು ನಿಮ್ಮ ಕಪಾಟಿನಲ್ಲಿರಲಿ, ಮಗುವಿನ ತಲೆಯ ಮೇಲೆ ಬೇಡ. ಆದರೆ ಅದರ ನಾಲ್ಕು ಭಾಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾವು ನಂಬುವುದು, ಆಚರಿಸುವುದು, ಬದುಕುವುದು, ಪ್ರಾರ್ಥಿಸುವುದು. ವರ್ಷದ ಕೊನೆಗೆ ಈ ನಾಲ್ಕರಲ್ಲಿ ಯಾವುದಾದರೂ ಪೂರ್ತಿ ಬಿಟ್ಟುಹೋಗಿದೆಯಾ ಅಂತ ನೋಡಿಕೊಳ್ಳಲು ಅನುಕೂಲ.

ಇನ್ನು ಶಬ್ದಗಳ ವಿಷಯ. ನನ್ನ ಪ್ರಕಾರ ನಿಮ್ಮ ತರಗತಿಯ ಮುಕ್ಕಾಲು ಕಷ್ಟ ಇಲ್ಲಿದೆ, ಖುಷಿಯೂ ಇಲ್ಲೇ ಇದೆ.

ನಮ್ಮ ಕನ್ನಡದ ಜಪಗಳು ಹೊರಗಿನಿಂದ ತಂದು ಸುರಿದ ಮಾತುಗಳಲ್ಲ. ಪೂಜೆ, ಬಲಿ, ಪ್ರಸಾದ, ದೀಕ್ಷೆ, ಸಂಸ್ಕಾರ, ತಪಸ್ಸು, ಅಭಿಷೇಕ ಎಲ್ಲ ಇಲ್ಲಿನ ಮಣ್ಣಿನ ಮಾತುಗಳು. ಅವುಗಳಿಗೆ ಪಕ್ಕದ ಮನೆಯಲ್ಲಿ ಒಂದು ಅರ್ಥ, ಚರ್ಚಿನಲ್ಲಿ ಇನ್ನೊಂದು ಅರ್ಥ. ಮಗು ಎರಡರ ಮಧ್ಯೆ ನಿಂತಿರುತ್ತದೆ. ನಾವು ಆ ಮೊದಲನೇ ಅರ್ಥ ಇಲ್ಲವೇ ಇಲ್ಲ ಅನ್ನುವ ಹಾಗೆ ಪಾಠ ಮಾಡುತ್ತೇವೆ. ಅದು ತಪ್ಪು.

"ಬಲಿಪೂಜೆ ಅಂದರೇನು?" ಅಂತ ಒಮ್ಮೆ ಕೇಳಿದೆ. ಒಬ್ಬ ಹುಡುಗ ಹಿಂದೆಮುಂದೆ ನೋಡದೆ "ಮಾರಿಹಬ್ಬದಲ್ಲಿ ಕೋಳಿ ಕುಯ್ಯೋದು" ಅಂದ. ಇನ್ನೊಬ್ಬಳಿಗೆ ದೀಪಾವಳಿಯ ಬಲಿ ಚಕ್ರವರ್ತಿ ನೆನಪಾದ. ಎಲ್ಲರೂ ನಕ್ಕರು, ಆ ಹುಡುಗ ಮುಖ ಕೆಂಪು ಮಾಡಿಕೊಂಡ. ಆದರೆ ಅವನ ಉತ್ತರ ತಪ್ಪಾಗಿರಲಿಲ್ಲ. ಈಜಿಪ್ಟಿನಿಂದ ಹೊರಟ ರಾತ್ರಿ ಇಸ್ರಯೇಲಿನ ಜನ ಕುರಿಮರಿ ಕೊಯ್ದು ರಕ್ತವನ್ನು ಬಾಗಿಲಿಗೆ ಹಚ್ಚಿದ್ದರು, ಅಲ್ವಾ? ಅಲ್ಲಿಂದ ಹಿಡಿಯಿರಿ. ಪೂಜೆಯಲ್ಲಿ ಯೇಸುಸ್ವಾಮಿಯನ್ನು ದೇವರ ಕುರಿಮರಿ ಅಂತ ಕರೆಯುವುದು ಯಾಕೆ ಅಂತ ಕೇಳಿ. ಎಲ್ಲ ಬಲಿಯಲ್ಲೂ ನಾವು ಏನನ್ನೋ ದೇವರಿಗೆ ಕೊಡುತ್ತೇವೆ, ಶಿಲುಬೆಯ ಮೇಲೆ ದೇವರ ಮಗನೇ ತನ್ನನ್ನು ಕೊಟ್ಟುಕೊಂಡರು ಎಂದು ಹೇಳಿ. ಪ್ರತಿ ಭಾನುವಾರ ಅವರನ್ನು ಮತ್ತೆ ಕೊಲ್ಲುವುದಿಲ್ಲ, ಒಮ್ಮೆ ಆದ ಅದೇ ಬಲಿ ನಮ್ಮ ಮುಂದೆ ಬರುತ್ತದೆ ಎಂದೂ ಸೇರಿಸಿ. ಕೋಳಿ ಹೇಳಿದ ಹುಡುಗನಿಂದಲೇ ಇಷ್ಟು ದೂರ ಬರಬಹುದು.

"ಪ್ರಸಾದ" ಇನ್ನೂ ಸುಲಭ. ಗಣಪತಿ ಕೂರಿಸಿದ ಮನೆಯಿಂದ ಚರುಪು ಬಂದಿರುತ್ತದೆ, ಗೆಳೆಯ ಧರ್ಮಸ್ಥಳಕ್ಕೆ ಹೋಗಿ ಬಂದು ಪೊಟ್ಟಣ ಕೊಟ್ಟಿರುತ್ತಾನೆ. ಭಕ್ತರು ದೇವರಿಗೆ ಕೊಟ್ಟಿದ್ದು ದೇವರ ಒಲವಾಗಿ ತಿರುಗಿ ಬರುತ್ತದೆ ಎಂದು ಅವರು ನಂಬುತ್ತಾರೆ. ಇಷ್ಟು ಮಗುವಿಗೆ ಗೊತ್ತು. ಈಗ "ಪರಮ" ಅನ್ನುವ ಮಾತಿನ ಮೇಲೆ ಬೆರಳಿಡಿ. ಇಲ್ಲಿ ತಿರುಗಿ ಬರುವುದು ನಾವು ಕೊಟ್ಟ ರೊಟ್ಟಿಯಲ್ಲ, ಯೇಸುವೇ. ಈ ಜಾಗದಲ್ಲಿ ಟೀಚರುಗಳು ಜಾಸ್ತಿ ಎಡವುವುದನ್ನು ನೋಡಿದ್ದೇನೆ. ಸುಲಭವಾಗಲಿ ಅಂತ "ಇದು ಯೇಸುವಿನ ಗುರುತು", "ಯೇಸುವಿನ ನೆನಪಿಗೆ ತಿನ್ನುವ ರೊಟ್ಟಿ" ಅಂದುಬಿಡುತ್ತಾರೆ. ಅದು ಕಥೋಲಿಕ ಬೋಧನೆ ಅಲ್ಲ. ನೋಡಲು ರೊಟ್ಟಿ, ರುಚಿಗೆ ರೊಟ್ಟಿ, ನಿಜವಾಗಿ ಯೇಸು. ಹೇಗೆ ಅಂತ ಮಗು ಕೇಳಿದರೆ "ಅವರೇ 'ಇದು ನನ್ನ ಶರೀರ' ಅಂದಿದ್ದಾರೆ, ಅವರ ಮಾತನ್ನು ನಂಬುತ್ತೇನೆ" ಅನ್ನಿ. ಏಳು ವರ್ಷದ ಮಗು ಇದನ್ನು ನಮಗಿಂತ ಬೇಗ ಒಪ್ಪುತ್ತದೆ.

ಗೆಳೆಯರ ದೇವರ ಬಗ್ಗೆ ತರಗತಿಯಲ್ಲಿ ಒಂದು ಹಗುರ ಮಾತೂ ಬರಬಾರದು. ನಿಮ್ಮ ಬಾಯಿಂದಲೂ, ಮಕ್ಕಳ ಬಾಯಿಂದಲೂ. ಬೇರೆ ಧರ್ಮಗಳಲ್ಲಿರುವ ಸತ್ಯವಾದದ್ದು, ಪವಿತ್ರವಾದದ್ದು ಯಾವುದನ್ನೂ ಚರ್ಚು ತಳ್ಳಿಹಾಕುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಸಭೆ 1965ರಲ್ಲೇ ಹೇಳಿದೆ. "ಆ ಪ್ರಸಾದ ತಿನ್ನಬಹುದಾ ಮಿಸ್?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೊದಲೇ ನಿಮ್ಮ ಗುರುಗಳ ಹತ್ತಿರ ಮಾತಾಡಿಟ್ಟುಕೊಳ್ಳಿ. ಆ ಹೊತ್ತಿಗೆ ತೋಚಿದ್ದು ಹೇಳಬೇಡಿ.

"ವರಪ್ರಸಾದ" ಅನ್ನುವ ಮಾತಿನ ಕಥೆ ಹೇಳದೆ ಮುಂದೆ ಹೋಗಲಾರೆ. ನಮೋ ಮರಿಯೆ ಜಪದಲ್ಲಿ "ವರಪ್ರಸಾದ ಪೂರ್ಣೆ" ಬರುತ್ತದಲ್ಲ? ಅರ್ಥ ಕೇಳಿದಾಗ ಒಬ್ಬಳು "ವರಪ್ರಸಾದ್ ಅಂದ್ರೆ ನಮ್ಮ ವ್ಯಾನ್ ಅಣ್ಣ" ಅಂದಳು. ವರ್ಷಗಟ್ಟಲೆ ದಿನಾ ರಾತ್ರಿ ಮಾತೆ ಮರಿಯಮ್ಮನ ಜೊತೆ ಶಾಲೆಯ ವ್ಯಾನ್ ಡ್ರೈವರನ್ನೂ ನೆನೆಯುತ್ತಿದ್ದಳು, ಪಾಪ. ನಾನು ವಿವರಿಸಲು ತಡಕಾಡುತ್ತಿದ್ದೆ. ಆಗ ಎಸ್ಟೇಟ್ ಲೈನಿನ (ತೋಟದ ಕೆಲಸಗಾರರ ಸಾಲುಮನೆಗಳ) ಒಬ್ಬ ತಮಿಳು ಹುಡುಗ "ನಮ್ಮ ಮನೇಲಿ ಅರುಳ್ ಅಂತೀವಿ" ಅಂದ. ಅವರ ಜಪ "ಅರುಳ್ ನಿರೈಂದ ಮರಿಯೇ" ಅಂತ ಶುರುವಾಗುತ್ತದೆ. ಕೊಂಕಣಿ ಮಕ್ಕಳನ್ನು ಕೇಳಿದೆ. ಅವರು "ನಮಾನ್ ಮರಿಯೆ" ಹೇಳಿ, ಅದರಲ್ಲಿ ಬರುವ "ಕುರ್ಪಾ" ಅನ್ನುವ ಮಾತು ಹಿಡಿದುಕೊಟ್ಟರು. ಕೃಪೆ. ಅಜ್ಜಿ ಕಾರಣವಿಲ್ಲದೆ ಕೈಗೆ ಹತ್ತು ರೂಪಾಯಿ ಇಡುತ್ತಾಳಲ್ಲ, ನೀನು ಕೇಳಿರಲಿಲ್ಲ, ಗಳಿಸಿರಲಿಲ್ಲ, ಹಾಗೆ ದೇವರು ಕೊಡುವುದು ಎಂದೆ. ಮೂರು ಭಾಷೆ ಸೇರಿ ಒಂದು ಪದ ಬಿಡಿಸಿದವು.

ಹಾಗಾಗಿ ಭಾಷೆ ಬೆರೆತಿರುವುದು ನಿಮಗೆ ತೊಂದರೆ ಅಂತ ಅಂದುಕೊಳ್ಳಬೇಡಿ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ) 1963ರಲ್ಲಿ ಮೈಸೂರಿನಿಂದ ಬೇರೆಯಾಯಿತು. ಈಗ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಅದರಲ್ಲಿವೆ. ಹಾಸನದ ಬಯಲಿನ ಹಳೆಯ ಕನ್ನಡ ಕಥೋಲಿಕರು, ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರು, ತೋಟದ ಕೆಲಸಕ್ಕೆ ಬಂದ ತಮಿಳರು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಾಠ ಕನ್ನಡದಲ್ಲಿ ಮಾಡಿ. ಮನೆಯ ಜಪ ಮನೆಯ ಭಾಷೆಯಲ್ಲೇ ಇರಲಿ. ಸೆಪ್ಟೆಂಬರ್ 8ಕ್ಕೆ ಕೊಂಕಣಿ ಮಕ್ಕಳು ಮೊಂತಿ ಹಬ್ಬಕ್ಕೆ ಹೂವು ತರುತ್ತಾರೆ, ಮನೆಯಲ್ಲಿ ಹೊಸ ತೆನೆಯ ಊಟ ಇರುತ್ತದೆ. ಉಳಿದ ಮಕ್ಕಳೂ ಒಂದೊಂದು ಹೂವು ತರಲಿ. ಮರಿಯಮ್ಮನ ಹುಟ್ಟಿದ ಹಬ್ಬದ ಪಾಠಕ್ಕೆ ಬೇರೆ ತಯಾರಿ ಬೇಡ.

ಬಾಯಿಪಾಠದ ಬಗ್ಗೆ ನೀವು ಬೇಸರದಿಂದ ಬರೆದಿದ್ದೀರಿ. ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಹೊಸ ಉತ್ಸಾಹದಲ್ಲಿ ಎರಡು ವರ್ಷ ಬಾಯಿಪಾಠ ನಿಲ್ಲಿಸಿದೆ. ಚಿತ್ರ, ನಾಟಕ, ಆಟ ಎಲ್ಲ ಆಯಿತು. ಆಮೇಲೆ ನಮ್ಮ ಬೀದಿಯಲ್ಲೇ ಒಂದು ಸಾವಾಯಿತು. ಆ ಮನೆಯಲ್ಲಿ ರಾತ್ರಿ ಜಪಸರ (ರೋಸರಿ). ತೀರಿಕೊಂಡವರ ಮೊಮ್ಮಗ ನನ್ನ ತರಗತಿಯವನು. ದೊಡ್ಡವರೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಅವನು ತುಟಿ ಬಿಡದೆ ನಿಂತಿದ್ದ. ಅವನಿಗೆ ದೇವರ ಬಗ್ಗೆ ಚಿತ್ರ ಬರೆಯಲು ಬರುತ್ತಿತ್ತು. ಆ ರಾತ್ರಿ ಬೇಕಿದ್ದ ನಾಲ್ಕು ಸಾಲು ಬರುತ್ತಿರಲಿಲ್ಲ. ಅದು ನನ್ನ ತಪ್ಪು. ಮುಂದಿನ ಭಾನುವಾರದಿಂದ ಬಾಯಿಪಾಠ ಮತ್ತೆ ಶುರುವಾಯಿತು.

ಸಂತ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಗೋವಾಕ್ಕೆ ಬಂದಾಗ ಗಂಟೆ ಬಾರಿಸುತ್ತಾ ಬೀದಿಯಲ್ಲಿ ನಡೆದು ಮಕ್ಕಳನ್ನು ಕೂಡಿಸುತ್ತಿದ್ದರು. ಜಪಗಳನ್ನು ರಾಗದಲ್ಲಿ ಹಾಡಿಸುತ್ತಿದ್ದರು. ಸುಮಾರು 500 ವರ್ಷ ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಒಂದು ವಾರಕ್ಕೆ ಒಂದೇ ಸಾಲು. ಅದರ ಅರ್ಥವಾದ ಮೇಲೆ, ರಾಗದಲ್ಲಿ. ಏಳು ಸಂಸ್ಕಾರಗಳು, ಹತ್ತು ಕಟ್ಟಳೆಗಳು, ಮುಖ್ಯ ಜಪಗಳು, ವಿಶ್ವಾಸ ಪ್ರಮಾಣ. ಇಷ್ಟು ಕಂಠದಲ್ಲಿರಲಿ. ಹತ್ತು ಕಟ್ಟಳೆಗಳಲ್ಲಿ ಒಂದು ಎಚ್ಚರಿಕೆ. ನಮ್ಮ ಎಣಿಕೆಗೂ ಹೆಚ್ಚಿನ ಪ್ರೊಟೆಸ್ಟೆಂಟರ ಎಣಿಕೆಗೂ ವ್ಯತ್ಯಾಸ ಇದೆ. "ಕದಿಯಬೇಡ" ನಮಗೆ ಏಳನೆಯದು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಗೆಳೆಯನಿಗೆ ಎಂಟನೆಯದು. ಮಕ್ಕಳು ಇದಕ್ಕೇ ಜಗಳವಾಡುತ್ತಾರೆ. ಮಾತು ಒಂದೇ, ಎಣಿಸುವ ಕ್ರಮ ಬೇರೆ ಎಂದು ಹೇಳಿ ಮುಗಿಸಿ.

ತ್ರಿತ್ವದ ಪಾಠಕ್ಕೆ ನೀರು, ಮಂಜುಗಡ್ಡೆ, ಹಬೆ ಉದಾಹರಣೆ ಕೊಡಬೇಡಿ. ಎಲ್ಲರೂ ಕೊಡುತ್ತಾರೆ, ನಾನೂ ಕೊಟ್ಟಿದ್ದೇನೆ. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಅನ್ನುವ ಅರ್ಥ ಬರುತ್ತದೆ. ಚರ್ಚು ಮೊದಲ ಶತಮಾನಗಳಲ್ಲೇ ಬೇಡ ಅಂದ ವಿಚಾರ ಅದು. ಬಿಲ್ವಪತ್ರೆಯ ಮೂರು ಎಲೆಯೂ ಬೇಡ, ಪ್ರತಿ ಎಲೆ ದೇವರ ಮೂರನೇ ಒಂದು ಭಾಗ ಆಗಿಬಿಡುತ್ತದೆ. ಶಿಲುಬೆಯ ಗುರುತು ಹಾಕಿಸಿ, ಸಾಕು. ಪಿತನ, ಸುತನ, ಪವಿತ್ರಾತ್ಮರ "ನಾಮದಲ್ಲಿ" ಅನ್ನುತ್ತೇವೆ. "ನಾಮಗಳಲ್ಲಿ" ಅನ್ನುವುದಿಲ್ಲ. ಮೂವರು, ಆದರೆ ನಾಮ ಒಂದೇ. ಕನ್ನಡ ವ್ಯಾಕರಣ ಬರುವ ಎಂಟು ವರ್ಷದ ಹುಡುಗಿ ಇದನ್ನು ಗಮನಿಸಿ ಹೇಳಿದ್ದಳು. ಧರ್ಮೋಪದೇಶ ಗ್ರಂಥದಲ್ಲೂ ಇದೇ ಮಾತಿದೆ.

ಪಾಪನಿವೇದನೆ, ಅಂದರೆ ಮಾಡಿದ ತಪ್ಪನ್ನು ಗುರುಗಳ ಹತ್ತಿರ ಹೇಳಿಕೊಳ್ಳುವುದು. ಇದಕ್ಕೆ ಕನಿಷ್ಠ ನಾಲ್ಕು ಭಾನುವಾರ ಇಡಿ. ಮಕ್ಕಳು ಹೆದರುವುದು ಇಲ್ಲೇ, ಹೆದರಿಸುವವರೂ ನಾವೇ. ಮುದ್ರಿಸಿದ ಪಾಪಗಳ ಪಟ್ಟಿ ಕೈಗೆ ಕೊಡಬೇಡಿ. ಮಗು ಆ ಪಟ್ಟಿಯನ್ನೇ ಓದಿ ಬರುತ್ತದೆ, ಮಾಡದ್ದನ್ನೂ ಸೇರಿಸಿ. ಮೊದಲು ಲೂಕನ 15ನೇ ಅಧ್ಯಾಯ. ಕಳೆದ ಕುರಿ, ಕಳೆದ ನಾಣ್ಯ, ಮನೆ ಬಿಟ್ಟುಹೋದ ಮಗ. ಕಡೂರು, ಅರಸೀಕೆರೆ ಕಡೆಯ ಮಕ್ಕಳಿಗೆ ಕುರಿ ಮಂದೆ ಗೊತ್ತು. ನಿಮ್ಮ ಮಲೆನಾಡಿನ ಮಕ್ಕಳು ಕುರಿ ಕಂಡಿದ್ದು ಕಡಿಮೆ. ಅವರಿಗೆ ಹಸು ಹೇಳಿ. ಜಡಿಮಳೆಯಲ್ಲಿ ಸಂಜೆ ಹಸು ಮನೆಗೆ ಬರಲಿಲ್ಲ, ಕಾಡಂಚಿನಲ್ಲಿ ಅಮ್ಮ ಅದರ ಹೆಸರು ಹಿಡಿದು ಕೂಗುತ್ತಾಳೆ, ಎಲ್ಲೋ ಕೊರಳ ಗಂಟೆ ಕೇಳುತ್ತದೆ. ಇದನ್ನು ಕಂಡ ಮಗುವಿಗೆ ಕುರುಬ ಯಾಕೆ 99 ಬಿಟ್ಟು ಒಂದರ ಹಿಂದೆ ಹೋದ ಅಂತ ಬಿಡಿಸಿ ಹೇಳಬೇಕಾ? ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆತ್ತಿ, ಜಾನಾ ಗೊಬ್ಬಿ ಎಂಬ ಇಬ್ಬರು ಮಹಿಳೆಯರು ಮಕ್ಕಳಿಗೆ ಮರದ ಪುಟ್ಟ ಕುರಿಗಳು, ಒಬ್ಬ ಕುರುಬ, ಒಂದು ದೊಡ್ಡಿ ಕೊಟ್ಟು ಒಳ್ಳೆಯ ಕುರುಬನ ಕಥೆ ಕಲಿಸತೊಡಗಿದರು. ಮಾಂಟೆಸ್ಸರಿ ಕ್ರಮದಲ್ಲಿ, ಮಗು ತಾನೇ ಮುಟ್ಟಿ ಆಡಿಸುತ್ತಾ. ಈಗ ಅದು ಎಷ್ಟೋ ದೇಶಗಳಲ್ಲಿದೆ. ನನ್ನ ಹತ್ತಿರ ಇರುವುದು ಚನ್ನಪಟ್ಟಣದ ಎರಡು ಗೊಂಬೆ ಮತ್ತು ಅಡಿಕೆ ಹಾಳೆಯ ದೊಡ್ಡಿ. ನಡೆಯುತ್ತದೆ.

ಆಕಸ್ಮಿಕಕ್ಕೂ ಪಾಪಕ್ಕೂ ವ್ಯತ್ಯಾಸ ಹೇಳಿಕೊಡಿ. ಲೋಟ ಕೈಜಾರಿ ಒಡೆದರೆ ಪಾಪ ಅಲ್ಲ. ಒಡೆದು ತಪ್ಪನ್ನು ತಂಗಿಯ ಮೇಲೆ ಹಾಕಿದರೆ ಅದು ಬೇರೆ. ಹೇಳಿದ್ದನ್ನು ಗುರುಗಳು ಜೀವ ಹೋದರೂ ಯಾರಿಗೂ ಹೇಳುವಂತಿಲ್ಲ, ಅಪ್ಪ ಅಮ್ಮನಿಗೂ, ಪೊಲೀಸರಿಗೂ, ಬಿಷಪ್ಪರಿಗೂ. ಇದನ್ನು ಸ್ಪಷ್ಟವಾಗಿ ಹೇಳಿದರೆ ಮಕ್ಕಳ ಭುಜ ಕೆಳಗಿಳಿಯುವುದು ಕಾಣುತ್ತದೆ. ಬರೆದುಕೊಂಡ ಚೀಟಿಯನ್ನು ನೀವು ನೋಡಬೇಡಿ. "ಏನು ಹೇಳಿದೆ?" ಅಂತ ತಮಾಷೆಗೂ ಕೇಳಬೇಡಿ, ಕೇಳದಂತೆ ಅಮ್ಮಂದಿರಿಗೂ ಹೇಳಿ.

ಪರಮಪ್ರಸಾದಕ್ಕೆ ಮುಂಚೆ, ಅಭಿಮಂತ್ರಿಸದ ರೊಟ್ಟಿಯನ್ನು ಒಮ್ಮೆ ರುಚಿ ತೋರಿಸಿ. ಗೋಧಿ ಹಿಟ್ಟು, ನೀರು ಅಷ್ಟೇ, ಹುಳಿ ಇಲ್ಲ. ಅಂಗುಳಕ್ಕೆ ಅಂಟುತ್ತದೆ. ಆ ದಿನವೇ ಮೊದಲ ಸಲ ಬಾಯಿಗೆ ಬಿದ್ದರೆ ಮಗುವಿನ ಗಮನವೆಲ್ಲ ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ. ಒಂದು ಗಂಟೆ ಮುಂಚಿನ ಉಪವಾಸವನ್ನು ಹಿಂದಿನ ದಿನವೇ ನೆನಪಿಸಿ, ನೀರು ಕುಡಿಯಬಹುದು ಎಂದೂ ಹೇಳಿ. ಬಿಳಿ ಗೌನು, ಕೋಟು, ಫೋಟೋ, ಊಟದ ಗಲಾಟೆ ಬಗ್ಗೆ ಬರೆದರೆ ನನಗೆ ರಕ್ತದೊತ್ತಡ ಏರುತ್ತದೆ, ಬಿಡಿ.

ವಯಸ್ಸು ಬೆರೆತಿರುವುದಕ್ಕೆ ನನ್ನ ಸಲಹೆ ಇಷ್ಟೇ. ಮೊದಲ ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ ಕಥೆ ಕೇಳಲಿ. ಆಮೇಲೆ ದೊಡ್ಡವರು ಚಿಕ್ಕವರಿಗೆ ಕಲಿಸಲಿ. 11ರವನಿಗೆ ಇನ್ನೊಬ್ಬರಿಗೆ ಹೇಳಿಕೊಡುವಾಗ ತನಗೆ ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ. ವರ್ಷಕ್ಕೆ 52 ಭಾನುವಾರ ಅಂತ ಲೆಕ್ಕ ಹಾಕಬೇಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಲೈನಿನ ಮಕ್ಕಳು ಅರ್ಧಕ್ಕರ್ಧ ಬರುವುದಿಲ್ಲ. ಜೂನ್, ಜುಲೈನಲ್ಲಿ ಮಳೆ. ಮಧ್ಯೆ ಪರೀಕ್ಷೆ. ಕೈಗೆ ಸಿಗುವುದು ಮೂವತ್ತು ಭಾನುವಾರ ಅಂತ ಇಟ್ಟುಕೊಂಡು ಪಾಠ ಹಾಕಿ. ಸಂಜೆ ತರಗತಿ ಬೇಡವೇ ಬೇಡ. ನಿಮ್ಮ ಕಡೆ ಆನೆ ಯಾವ ತೋಟದಲ್ಲಿದೆ ಅನ್ನುವುದು ನಿಮಗೇ ಗೊತ್ತಿರುತ್ತದೆ.

ತಪಸ್ಸು ಕಾಲ (ಪಾಸ್ಖಕ್ಕೆ ಮುಂಚಿನ 40 ದಿನದ ಉಪವಾಸದ ಕಾಲ) ಬಂದಾಗ ಒಂದು ಆಟ ಮಾಡಿಸಿ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ಶನಿವಾರದವರೆಗೆ ಕ್ಯಾಲೆಂಡರಿನಲ್ಲಿ ಎಣಿಸಲಿ. 46 ಬರುತ್ತದೆ. "40 ಅಂದ್ರಲ್ಲ ಮಿಸ್!" ಅಂತ ಕೂಗುತ್ತಾರೆ. ಆರು ಭಾನುವಾರ ಕಳೆಯಿರಿ ಅನ್ನಿ. ಭಾನುವಾರ ಯಾಕೆ ಉಪವಾಸದ ಲೆಕ್ಕಕ್ಕಿಲ್ಲ ಅನ್ನುವುದರಿಂದ ಪುನರುತ್ಥಾನದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ.

ಅಕ್ಟೋಬರ್ ಜಪಸರದ ತಿಂಗಳು. ಆಗ ನಾನು ಶೆಟ್ಟಿಹಳ್ಳಿಯ ಕಥೆ ಹೇಳುತ್ತೇನೆ. ಹಾಸನದ ಹತ್ತಿರ ಹೇಮಾವತಿಯ ದಂಡೆಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಸರ ಮಾತೆಯ ಚರ್ಚ್. ಗೊರೂರಿನಲ್ಲಿ ಅಣೆಕಟ್ಟು ಬಂತು. ಊರು ಖಾಲಿಯಾಯಿತು, ಜನ ಬೇರೆ ಬೇರೆ ಕಡೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಚರ್ಚ್ ನೀರಿನಲ್ಲಿ, ಬೇಸಿಗೆಯಲ್ಲಿ ಮತ್ತೆ ಮೇಲೆ. ಫೋಟೋ ಎಲ್ಲರೂ ನೋಡಿದ್ದಾರೆ. ನಾನು ಮಕ್ಕಳನ್ನು ಕೇಳುವುದು ಬೇರೆ. "ಆ ಊರಿನವರು ಹೋಗುವಾಗ ಚರ್ಚಿನಿಂದ ಏನನ್ನು ಜೊತೆಗೆ ಒಯ್ದಿರಬಹುದು?" ಗಂಟೆ ಅನ್ನುತ್ತಾರೆ, ಸ್ವರೂಪ ಅನ್ನುತ್ತಾರೆ. ಒಬ್ಬ "ಜಪ" ಅಂದ. ಅಲ್ಲಿಗೆ ಕರೆದುಕೊಂಡು ಹೋದರೆ ದೂರದಿಂದ ತೋರಿಸಿ, ಗೋಡೆಗಳು ಕುಸಿಯುತ್ತಿವೆ.

ಅಪ್ಪ ಅಮ್ಮಂದಿರ ವಿಷಯ. ಚರ್ಚಿನ ಕಾನೂನು ಮಗುವನ್ನು ಸಿದ್ಧಪಡಿಸುವ ಹೊಣೆಯನ್ನು ಮೊದಲು ತಂದೆ ತಾಯಿಗೆ, ಆಮೇಲೆ ಧರ್ಮಕೇಂದ್ರದ ಗುರುಗಳಿಗೆ ಕೊಡುತ್ತದೆ. ಸ್ನಾನದೀಕ್ಷೆಯ ದಿನ ಅವರು ಒಪ್ಪಿಕೊಂಡ ಮಾತು ಅದು. ನೀವು ಸಹಾಯಕ್ಕೆ ಇರುವವರು. ಆದರೆ ಇದನ್ನು ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಗೇಟಿನ ಹತ್ತಿರವೂ ನಿಲ್ಲುವುದಿಲ್ಲ. ಹೆಚ್ಚಿನವರಿಗೆ ಮನಸ್ಸಿಲ್ಲ ಅಂತಲ್ಲ, ನಾಚಿಕೆ. ತಮಗೇ ಗೊತ್ತಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ ಅನ್ನುವ ಹೆದರಿಕೆ. ಪ್ರತಿ ವಾರ ಮನೆಗೆ ಒಂದೇ ಪ್ರಶ್ನೆ ಕಳಿಸಿ, ಮಗು ಅಪ್ಪನನ್ನು ಕೇಳುವಂಥದ್ದು. "ನನಗೆ ಈ ಹೆಸರು ಯಾಕೆ ಇಟ್ಟಿರಿ? ನನ್ನ ಸಂತರು ಯಾರು?" "ನಿಮ್ಮ ಪ್ರಥಮ ಪರಮಪ್ರಸಾದದ ದಿನ ಮಳೆ ಬಂದಿತ್ತಾ?" ಇದಕ್ಕೆ ಪುಸ್ತಕ ಬೇಡ. ಒಬ್ಬ ಅಪ್ಪ ಹಳೆಯ ಕಪ್ಪುಬಿಳುಪು ಫೋಟೋ ಹಿಡಿದುಕೊಂಡು ತಾನೇ ತರಗತಿಗೆ ಬಂದಿದ್ದ.

ಇನ್ನೊಂದು, ಯಾರೂ ಮೊದಲೇ ಹೇಳುವುದಿಲ್ಲ. ಹಾಲ್ ಬಾಗಿಲು ಯಾವಾಗಲೂ ತೆರೆದಿರಲಿ. ಯಾವ ದೊಡ್ಡವರೂ, ನೀವೂ ಸೇರಿ, ಒಂದು ಮಗುವಿನ ಜೊತೆ ಒಂಟಿಯಾಗಿ ಮುಚ್ಚಿದ ಕೋಣೆಯಲ್ಲಿ ಇರಬಾರದು. ಇನ್ನೊಬ್ಬ ಟೀಚರ್ ಬೇಕು ಅಂತ ಫಾದರ್ ಹತ್ತಿರ ಕೇಳಿ. ಹೊಡೆಯಬೇಡಿ. ಮಗು ಏನಾದರೂ ಕೆಟ್ಟದ್ದು ಆಯಿತು ಅಂತ ನಿಮ್ಮ ಹತ್ತಿರ ಹೇಳಿದರೆ ಮುಚ್ಚಿಡುವ ಹಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098. ಆ ನಂಬರನ್ನು ಹಾಲ್ ಗೋಡೆಗೇ ಬರೆಸಿ.

ಈಗ ನಿಮ್ಮ ಆ ಹುಡುಗ. ಮುಂದಿನ ಭಾನುವಾರ ಎಲ್ಲರ ಮುಂದೆ ಅವನಿಗೆ ಹೇಳಿ, "ಹೋದ ವಾರ ನೀನು ಒಳ್ಳೆ ಪ್ರಶ್ನೆ ಕೇಳಿದೆ, ನಾನು ಸುಮ್ಮನಿರಿಸಿದೆ, ತಪ್ಪಾಯಿತು." ಟೀಚರ್ ತಪ್ಪು ಒಪ್ಪಿಕೊಳ್ಳುವುದನ್ನು ನೋಡಿದ ಮಕ್ಕಳಿಗೆ ಪಾಪನಿವೇದನೆಯ ಪಾಠ ಅರ್ಧ ಆದ ಹಾಗೆ. ಆಮೇಲೆ ಉತ್ತರ. ಈ ಬೆಂಚನ್ನು ಯಾರು ಮಾಡಿದ್ದು? ಆಚಾರಿ. ಮರ? ಬೀಜದಿಂದ. ಬೀಜ? ಇನ್ನೊಂದು ಮರದಿಂದ. ಹೀಗೆ ಹಿಂದೆ ಹಿಂದೆ ಹೋಗಲಿ, ಅವನೇ ಹೇಳಲಿ. ಇವೆಲ್ಲ ಒಂದು ಕಾಲದಲ್ಲಿ ಇರಲಿಲ್ಲ, ಅದಕ್ಕೇ ಬೇರೆಯವರು ಮಾಡಬೇಕಾಯಿತು. ಎಲ್ಲವೂ ಇನ್ನೊಂದರಿಂದ ಸಾಲ ತಂದ ಹಾಗೆ ಇರುವುದಾದರೆ, ಸಾಲ ಮಾಡದೆ ತನ್ನಲ್ಲೇ ಇರುವವರು ಒಬ್ಬರಾದರೂ ಇರಬೇಕಲ್ಲ? ಅವರನ್ನೇ ನಾವು ದೇವರು ಅನ್ನುವುದು. ಮೋಶೆ ಹೆಸರು ಕೇಳಿದಾಗ ದೇವರು "ಇರುವಾತನೇ ನಾನು" ಎಂಬಂತೆ ಉತ್ತರ ಕೊಟ್ಟರು, ವಿಮೋಚನಾಕಾಂಡದ 3ನೇ ಅಧ್ಯಾಯ. ಆ ಪುಟವನ್ನು ಅವನಿಂದಲೇ ಓದಿಸಿ.

ಅವನಿಗೆ ಪೂರ್ತಿ ಸಮಾಧಾನ ಆಗದೇ ಇರಬಹುದು. "ಹಾಗಾದ್ರೆ ಅದಕ್ಕಿಂತ ಮುಂಚೆ ದೇವರು ಒಬ್ರೇ ಏನ್ಮಾಡ್ತಿದ್ರು?" ಅನ್ನುತ್ತಾನೆ, ಬೇಕಾದರೆ ನೋಡಿ. ಆಗ ಅವನನ್ನೂ ಕರೆದುಕೊಂಡು ಫಾದರ್ ಹತ್ತಿರ ಹೋಗಿ ಕೇಳಿ.